ನೀರು ಹೋಗುತ್ತದೆ, ಉಪ್ಪು ಉಳಿಯುತ್ತದೆ

ಪುಣೆಗೆ ಸಮುದ್ರವಿಲ್ಲ. ಕಡಲತೀರ ನೋಡಬೇಕೆಂದರೆ ಘಾಟಿ ಇಳಿದು ಮೂರು ನಾಲ್ಕು ತಾಸು ಕಾರು ಓಡಿಸಬೇಕು. ಆದರೂ ಒಂದು ವರ್ಷದಿಂದ ವಾಕಡ್‌ನ ನಮ್ಮ ಮೂರನೇ ಮಹಡಿಯ ಫ್ಲಾಟಿನಲ್ಲಿ 75 ಲೀಟರ್ ಸಮುದ್ರವಿದೆ. ಅದರಲ್ಲಿ ಎರಡು ಮೀನು, ಐದು ಬಸವನಹುಳು, ನಾಲ್ಕೈದು ಜಾತಿಯ ಮೆದು ಹವಳಗಳಿವೆ. ಸೊಸೈಟಿಯ ಗೆಳೆಯರು ಬಂದವರು ಮೊದಲು ಕೇಳುವುದು ಎಷ್ಟು ಖರ್ಚಾಯಿತು ಎಂದು. ಎರಡನೆಯದಾಗಿ, ಇದರಿಂದೇನು ಪ್ರಯೋಜನ ಎಂದು. ಮೊದಲ ಪ್ರಶ್ನೆಗೆ ನನ್ನ ಎಕ್ಸೆಲ್ ಶೀಟಿನಲ್ಲಿ ಉತ್ತರವಿದೆ: ಮೊದಲ ಆರು ತಿಂಗಳಿಗೆ ಸುಮಾರು 52,000 ರೂಪಾಯಿ. ಎರಡನೆಯದಕ್ಕೆ ಉತ್ತರವಾಗಿ ಇದನ್ನು ಬರೆಯುತ್ತಿದ್ದೇನೆ.

ಅಮ್ಮ ತೀರಿಕೊಂಡ ಮೇಲೆ ಅಪ್ಪನನ್ನು ಗೋಕರ್ಣದ ಹತ್ತಿರದ ನಮ್ಮ ಊರಿನಿಂದ ಪುಣೆಗೆ ಕರೆದುಕೊಂಡು ಬಂದೆವು. ಅಪ್ಪನಿಗೆ 72. ಹೃದಯದಲ್ಲಿ ಎರಡು ಸ್ಟೆಂಟ್ ಇವೆ. ಒಬ್ಬರನ್ನೇ ಊರಲ್ಲಿ ಬಿಡಲು ನಮಗೆ ಮನಸ್ಸಾಗಲಿಲ್ಲ, ಇಲ್ಲಿರಲು ಅವರಿಗೆ ಮನಸ್ಸಾಗಲಿಲ್ಲ. ಬೆಳಿಗ್ಗೆ ನಾನು ಲ್ಯಾಪ್‌ಟಾಪ್ ಮುಂದೆ, ಹೆಂಡತಿ ಆಫೀಸಿಗೆ, ಮಗಳು ಶಾಲೆಗೆ. ಅಪ್ಪ ಬಾಲ್ಕನಿಯ ಕುರ್ಚಿಯಲ್ಲಿ. ಲಿಫ್ಟಿನಲ್ಲಿ ಸಿಕ್ಕವರು ಮರಾಠಿಯಲ್ಲೋ ಹಿಂದಿಯಲ್ಲೋ ಮಾತಾಡಿಸಿದರೆ ನಕ್ಕು ಸುಮ್ಮನಾಗುತ್ತಿದ್ದರು. ಮೂವತ್ತು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿದ ಮನುಷ್ಯ ದಿನಕ್ಕೆ ಹತ್ತು ಮಾತು ಆಡುತ್ತಿದ್ದರೆ ಹೆಚ್ಚು. ಪ್ರತಿ ಭಾನುವಾರ ಮಾತ್ರ ತಪ್ಪದೆ ಒಂದು ಮಾತು ಬರುತ್ತಿತ್ತು: "ನಾ ಊರಿಗೆ ಹೋಗೂದೆ ಒಳ್ಳೇದು ತಮಾ."

ಟ್ಯಾಂಕ್ ಅಪ್ಪನಿಗಾಗಿ ತಂದದ್ದಲ್ಲ. ಅದು ನನ್ನದೇ ಹಳೆಯ ಆಸೆ. ಒಂಬತ್ತು ವರ್ಷದ ಮಗಳು ನೀಮೋ ಸಿನಿಮಾ ನೋಡಿ ಹಟ ಹಿಡಿದದ್ದು ನೆಪವಾಯಿತು. 60 ಸೆಂ.ಮೀ. ಉದ್ದ, 40 ಅಗಲ, 40 ಎತ್ತರದ ಗಾಜಿನ ಪೆಟ್ಟಿಗೆ. ಅಂಚಿನವರೆಗೆ ತುಂಬಿದರೆ 96 ಲೀಟರ್. ಕಲ್ಲು, ಮರಳು, ಮೇಲಿನ ಖಾಲಿ ಜಾಗ ಕಳೆದರೆ ಸುಮಾರು 75. ಸ್ಟ್ಯಾಂಡ್ ಸೇರಿ ತೂಕ ನೂರು ಕಿಲೋ ದಾಟುತ್ತದೆ. ಹಾಗಾಗಿ ಬಿಸಿಲು ನೇರ ಬೀಳದ, ಕೆಳಗೆ ಬೀಮ್ ಇರುವ ಗೋಡೆಗೆ ಒತ್ತಿ ಇಟ್ಟೆವು.

ಸಮುದ್ರ ಮಾಡಲು ಮೊದಲು ಬೇಕಾದದ್ದು ಏನೂ ಇಲ್ಲದ ನೀರು. ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ, ಪಾಚಿಗೆ ಆಹಾರವಾಗುವ ಫಾಸ್ಫೇಟ್, ಸಿಲಿಕೇಟ್‌ಗಳು ಇರಬಹುದು. ಅಡುಗೆಮನೆಯ ಆರ್‌ಒ ಕೂಡ ಸಾಲದು, ಏಕೆಂದರೆ ರುಚಿಗಾಗಿ ಅದರಲ್ಲಿ ಸ್ವಲ್ಪ ಸೋಸದ ನೀರನ್ನು ಬೆರೆಸುವ ವ್ಯವಸ್ಥೆ ಇರುತ್ತದೆ. ನಮ್ಮದು ಮೀಟರಿನಲ್ಲಿ 40 ತೋರಿಸಿತು. ಆರ್‌ಒ ಆದ ಮೇಲೆ ಡಿಐ ರೆಸಿನ್ ತುಂಬಿದ ಇನ್ನೊಂದು ಕೊಳವೆಯಲ್ಲಿ ಹಾಯಿಸಿದಾಗ ಸೊನ್ನೆಗೆ ಇಳಿಯಿತು. ಆ ನೀರಿಗೆ ರೀಫ್ ಉಪ್ಪನ್ನು ಲೀಟರಿಗೆ ಸುಮಾರು 35ರಿಂದ 40 ಗ್ರಾಂ ಲೆಕ್ಕದಲ್ಲಿ ಕದಡಬೇಕು. ಒಂದು ಕಿಲೋ ಲವಣದಲ್ಲಿ ಎಷ್ಟು ಎಂದಲ್ಲ, ಒಂದು ಕಿಲೋ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಲವಣ. ಅದೇ ನಮ್ಮ ಗುರಿ.

ನಾನು ಡ್ರಮ್ಮಿನಲ್ಲಿ ಉಪ್ಪು ಕದಡುತ್ತಿದ್ದಾಗ ಅಪ್ಪ ಬಾಲ್ಕನಿಯಿಂದ ಎದ್ದು ಬಂದರು.

"ಎಂತದಾ ಇದು?"

"ಸಮುದ್ರದ ನೀರು ಮಾಡ್ತಾ ಇದ್ದೆ ಅಪ್ಪ."

ಅಪ್ಪ ನನ್ನನ್ನೂ ಡ್ರಮ್ಮನ್ನೂ ನೋಡಿದರು. ಚೀಲದ ಮೇಲಿದ್ದ ಬೆಲೆ ಓದಿದರು. "ಉಪ್ಪಿಗೆ ಇಷ್ಟು ದುಡ್ಡಾ? ಸಾಣಿಕಟ್ಟಾ ಉಪ್ಪು ತಂದು ಹಾಕಿದ್ರೆ ಆಗೂದಿಲ್ವಾ?"

ಗೋಕರ್ಣದ ಕಡೆಯವರಲ್ಲದ ಓದುಗರಿಗೆ ಒಂದು ಮಾತು. ಸಾಣಿಕಟ್ಟಾ ಎಂದರೆ ಅಘನಾಶಿನಿ ನದಿ ಕಡಲು ಸೇರುವ ಅಳಿವೆಯ ಪಕ್ಕದ ಊರು. ಅಲ್ಲಿ ಉಪ್ಪಿನ ಆಗರಗಳಿವೆ. ಮಳೆಗಾಲ ಮುಗಿದ ಮೇಲೆ ಆಗರ ಸರಿಮಾಡಿ, ಉಪ್ಪುನೀರನ್ನು ಹಾಯಿಸಿ, ಒಂದು ಕಟ್ಟೆಯಿಂದ ಇನ್ನೊಂದಕ್ಕೆ ಬಿಡುತ್ತಾ ಬಿಸಿಲಿಗೆ ದಪ್ಪ ಮಾಡಿ, ಕೊನೆಗೆ ಚಿಕ್ಕ ಚೌಕಗಳಲ್ಲಿ ಹರಳು ಕಟ್ಟಿಸುತ್ತಾರೆ. ನನ್ನ ಅಜ್ಜ ಆ ಆಗರದಲ್ಲಿ ಕೆಲಸ ಮಾಡಿದವರು. ಅಪ್ಪನೂ ಓದುವ ದಿನಗಳಲ್ಲಿ ಬೇಸಿಗೆ ರಜೆಯಲ್ಲಿ ಅಲ್ಲೇ ಬುಟ್ಟಿ ಹೊತ್ತವರು.

ಸಾಣಿಕಟ್ಟಾ ಉಪ್ಪು ಯಾಕಾಗದು ಎನ್ನುವುದಕ್ಕೆ ನಾನು ಕೊಟ್ಟ ಉತ್ತರ ಅಪ್ಪನಿಗೆ ಮೊದಲೇ ಗೊತ್ತಿತ್ತು, ಬೇರೆ ಹೆಸರಿನಲ್ಲಿ. ಸಮುದ್ರದ ನೀರು ಆವಿಯಾಗುವಾಗ ಎಲ್ಲ ಲವಣಗಳೂ ಒಟ್ಟಿಗೆ ಹರಳಾಗುವುದಿಲ್ಲ. ಮೊದಲು ಕ್ಯಾಲ್ಸಿಯಂ ಕಾರ್ಬೋನೇಟ್, ಆಮೇಲೆ ಜಿಪ್ಸಂ ಕೆಳಗೆ ಕೂರುತ್ತವೆ. ನೀರು ಹತ್ತು ಪಟ್ಟಿನಷ್ಟು ದಪ್ಪವಾದ ಮೇಲೆ ನಾವು ತಿನ್ನುವ ಉಪ್ಪು. ಮೆಗ್ನೀಸಿಯಂ ಬಹುಪಾಲು ಕೊನೆಯ ಕಹಿ ನೀರಿನಲ್ಲೇ ಉಳಿಯುತ್ತದೆ. ಅಂದರೆ ಅಡುಗೆಯ ಉಪ್ಪು ಸಮುದ್ರದ ಒಂದು ಭಾಗ ಮಾತ್ರ. ಅದನ್ನು ಮತ್ತೆ ನೀರಿಗೆ ಹಾಕಿದರೆ ಉಪ್ಪುನೀರಾಗುತ್ತದೆ, ಸಮುದ್ರವಾಗುವುದಿಲ್ಲ. ಹವಳಕ್ಕೆ ಬೇಕಾದ ಕ್ಯಾಲ್ಸಿಯಂ ಲೀಟರಿಗೆ 400 ಮಿಲಿಗ್ರಾಂ ಮೇಲೆ, ಮೆಗ್ನೀಸಿಯಂ 1,300ರ ಆಸುಪಾಸು. ಅವೆರಡೂ ಆಗರದಲ್ಲೇ ಉಳಿದುಬಿಟ್ಟಿರುತ್ತವೆ.

"ಹೌದು, ಆ ಕೊನೇ ನೀರು ನಾಲಗೆಗೆ ಹಾಕೂಕೆ ಆಗೂದಿಲ್ಲ, ಕಹಿ," ಎಂದರು ಅಪ್ಪ. ಆಮೇಲೆ ನನ್ನ ಡ್ರಮ್ಮಿಗೆ ಬೆರಳು ಅದ್ದಿ ನಾಲಗೆಗೆ ಮುಟ್ಟಿಸಿದರು. "ಇದು ಸಮುದ್ರದ್ದಲ್ಲ ತಮಾ, ಅಳಿವೆ ನೀರು."

ನಾನು ಅರ್ಧ ಉಪ್ಪು ಮಾತ್ರ ಹಾಕಿ ಅದು ಕರಗಲೆಂದು ಕಾಯುತ್ತಿದ್ದೆ. ರಿಫ್ರ್ಯಾಕ್ಟೋಮೀಟರಿನ ಗಾಜಿನ ಮೇಲೆ ಒಂದು ಹನಿ ಬಿಟ್ಟು ಬೆಳಕಿಗೆ ಹಿಡಿದೆ. 21. ಅಪ್ಪನಿಗೂ ಕೊಟ್ಟೆ. ಒಂದು ಕಣ್ಣು ಮುಚ್ಚಿ, ನೀಲಿ ಬಿಳಿ ಸೇರುವ ಗೆರೆಯನ್ನು ಬಹಳ ಹೊತ್ತು ನೋಡಿದರು. ಅಂದಿನಿಂದ ಆ ಮೀಟರ್ ಅವರ ಕನ್ನಡಕದ ಪೆಟ್ಟಿಗೆಯ ಪಕ್ಕದಲ್ಲೇ ಇರುತ್ತದೆ.

ನೀರು ತುಂಬಿದ ಕೂಡಲೇ ಮೀನು ಬಿಡುವಂತಿಲ್ಲ. ಮಗಳಿಗೆ ಇದನ್ನು ಅರ್ಥ ಮಾಡಿಸುವುದೇ ಕಷ್ಟವಾಯಿತು. ಮೀನಿನ ಹೊಲಸಿನಿಂದ ಅಮೋನಿಯಾ ಹುಟ್ಟುತ್ತದೆ, ಅದು ಮೀನಿಗೆ ವಿಷ. ಒಂದು ಜಾತಿಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಅದನ್ನು ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಮಾಡುತ್ತದೆ. ಈ ಎರಡು ಸಂಸಾರಗಳು ಕಲ್ಲಿನ ರಂಧ್ರಗಳಲ್ಲಿ ನೆಲೆಯಾಗುವವರೆಗೆ ಕಾಯಬೇಕು. ಮೀನಿಲ್ಲದ ಟ್ಯಾಂಕಿಗೆ ಬಾಟಲಿಯಿಂದ ಅಮೋನಿಯಾ ಹನಿ ಹಾಕಿ, ದಿನಾ ಟೆಸ್ಟ್ ಕಿಟ್‌ನಲ್ಲಿ ಬಣ್ಣ ನೋಡುವುದು. ನಮ್ಮಲ್ಲಿ 11ನೇ ದಿನ ನೈಟ್ರೈಟ್ ಕಾಣಿಸಿತು. 26ನೇ ದಿನದ ಹೊತ್ತಿಗೆ ಹಾಕಿದ ಅಮೋನಿಯಾ ಒಂದೇ ದಿನದಲ್ಲಿ ಸೊನ್ನೆಯಾಗತೊಡಗಿತು. ನೈಟ್ರೈಟ್ ಕೂಡ ಸೊನ್ನೆಯಾದದ್ದು 38ನೇ ದಿನ. ಅಷ್ಟು ದಿನ ನಮ್ಮ ಹಾಲ್‌ನಲ್ಲಿ ಇದ್ದದ್ದು ಬರೀ ಕಲ್ಲು, ಮರಳು, ಪಂಪಿನ ಸದ್ದು. ಬಂದವರಿಗೆ ಖಾಲಿ ಟ್ಯಾಂಕ್ ತೋರಿಸಿ ಅಪ್ಪ ಹೇಳುತ್ತಿದ್ದರು: "ಗದ್ದೆ ಹದ ಮಾಡ್ತಾ ಇದ್ದೆವು."

ಕಲ್ಲಿನ ಬಗ್ಗೆಯೂ ಹೇಳಬೇಕು. ಒಬ್ಬ ಅಂಗಡಿಯವನು ಒದ್ದೆ ಪೇಪರಿನಲ್ಲಿ ಸುತ್ತಿದ ಸಮುದ್ರದ ಕಲ್ಲು ತೋರಿಸಿದ. ಅದರ ಮೇಲೆ ಗಟ್ಟಿ ಹವಳದ ತುಂಡುಗಳು ಅಂಟಿಕೊಂಡಿದ್ದವು. "ನಮ್ಮ ಕಡಲಿನದೇ, ಅಗ್ಗ" ಎಂದ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಚ್ಛೇದಕ್ಕೆ ದಿಬ್ಬ ಕಟ್ಟುವ ಎಲ್ಲ ಗಟ್ಟಿ ಹವಳಗಳನ್ನೂ 2001ರಲ್ಲಿ ಸೇರಿಸಿದ್ದಾರೆ. ಹುಲಿಗೆ ಇರುವ ರಕ್ಷಣೆಯೇ ಅವಕ್ಕೂ. ಕಪ್ಪು ಹವಳ, ಸಮುದ್ರ ಬೀಸಣಿಗೆ, ಕಡಲ್ಗುದುರೆಗಳೂ ಆ ಪಟ್ಟಿಯಲ್ಲಿವೆ. ಕಾನೂನು ಒಂದು ಕಡೆ. ನಮ್ಮ ಹಾಲ್‌ನ ಅಂದಕ್ಕೆ ಎಲ್ಲೋ ಒಂದು ದಿಬ್ಬ ಒಡೆಯುವುದಾದರೆ ಈ ಹವ್ಯಾಸಕ್ಕೇ ಅರ್ಥವಿಲ್ಲ. ಹಾಗಾಗಿ ನಮ್ಮಲ್ಲಿರುವುದು ಸೆರಾಮಿಕ್ ಕಲ್ಲು. ಮೀನುಗಳೂ ತೊಟ್ಟಿಯಲ್ಲೇ ಹುಟ್ಟಿದ ಕ್ಲೌನ್ ಜೋಡಿ. ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ಮಂಡಪಂ, ವಿಳಿಂಜಂ ಕೇಂದ್ರಗಳಲ್ಲಿ ಕ್ಲೌನ್ ಮೀನುಗಳನ್ನು ತೊಟ್ಟಿಯಲ್ಲಿ ಮರಿ ಮಾಡಿಸುವ ವಿಧಾನ ರೂಪಿಸಿದ್ದಾರೆ. ಸಮುದ್ರದಿಂದ ಹಿಡಿದ ಮೀನು ಬೇಕೆಂದು ಹಟ ಮಾಡಲು ಇಂದು ಕಾರಣವೇ ಇಲ್ಲ.

ಮೀನು ಬಂದ ದಿನ ಅಪ್ಪ ಗಾಜಿನ ಹತ್ತಿರ ಮುಖ ತಂದು ನೋಡಿ, "ಚಂದ ಇದ್ದು. ತಿನ್ನೂಕೆ ಬರೂದಿಲ್ಲ ಅಷ್ಟೆ," ಎಂದರು. ಕ್ಲೌನ್ ಮೀನುಗಳೆಲ್ಲ ಹುಟ್ಟುವಾಗ ಗಂಡು, ಜೋಡಿಯಲ್ಲಿ ದೊಡ್ಡದಾಗಿ ಬೆಳೆದದ್ದು ಹೆಣ್ಣಾಗುತ್ತದೆ, ಅದು ಸತ್ತರೆ ಉಳಿದ ಗಂಡು ಹೆಣ್ಣಾಗುತ್ತದೆ ಎಂದು ಮಗಳು ಓದಿ ಹೇಳಿದಾಗ ಅಜ್ಜ ಮೊಮ್ಮಗಳು ಇಬ್ಬರೂ ಬಿದ್ದುಬಿದ್ದು ನಕ್ಕರು. ಅಮ್ಮ ಹೋದ ಮೇಲೆ ಅಪ್ಪ ಹಾಗೆ ನಕ್ಕದ್ದನ್ನು ನಾನು ನೋಡಿದ್ದು ಅಂದೇ.

ಇನ್ನು ಈ ಬರಹದ ತಲೆಬರಹದ ವಿಷಯ. ಟ್ಯಾಂಕಿನಿಂದ ದಿನಾ ನೀರು ಆವಿಯಾಗಿ ಹೋಗುತ್ತದೆ. ಚಳಿಗಾಲದಲ್ಲಿ ಒಂದು ಲೀಟರ್, ಸಾಧಾರಣ ದಿನಗಳಲ್ಲಿ ಒಂದೂವರೆ. ಉಪ್ಪು ಮಾತ್ರ ಹೋಗುವುದಿಲ್ಲ. ನಾಲ್ಕು ದಿನ ಸುಮ್ಮನೆ ಬಿಟ್ಟರೆ 35 ಇದ್ದ ಉಪ್ಪಿನಂಶ 38ಕ್ಕೆ ಏರುತ್ತದೆ. ಹೊಸಬರಿಗೆ ಇದು ತಿರುವುಮುರುವಾಗಿ ಕಾಣುತ್ತದೆ: ಸಮುದ್ರಕ್ಕೆ ಪ್ರತಿದಿನ ಹಾಕಬೇಕಾದದ್ದು ಸಿಹಿನೀರು. ಅಪ್ಪನಿಗೆ ಇದನ್ನು ವಿವರಿಸಲು ಹೋದೆ, ಅರ್ಧಕ್ಕೇ ತಡೆದರು. "ಆಗರದಲ್ಲಿ ನಮಗೆ ಬೇಕಾದ್ದು ಅದೇ ಅಲ್ಲವಾ? ನೀರು ಹೋಗೂದು, ಉಪ್ಪು ಉಳಿಯೂದು. ಇಲ್ಲಿ ಅದನ್ನ ಆಗೂಕೆ ಬಿಡೂಕಾಗ."

ಈ ಕೆಲಸಕ್ಕೆ ನಾನು ಒಂದು ಆಟೋ ಟಾಪ್-ಅಪ್ ಯಂತ್ರ ತರಿಸಿದ್ದೆ. ನೀರಿನ ಮಟ್ಟ ಇಳಿದರೆ ಸೆನ್ಸರ್ ಗುರುತಿಸಿ ಪಂಪ್ ಶುರು ಮಾಡುತ್ತದೆ. ನನ್ನ ಕೆಲಸವೇ ಆಟೊಮೇಷನ್. ಕೈಯಿಂದ ಮಾಡುವುದನ್ನೆಲ್ಲ ಸ್ಕ್ರಿಪ್ಟ್ ಬರೆದು ತಪ್ಪಿಸುವುದಕ್ಕೇ ಕಂಪನಿ ಸಂಬಳ ಕೊಡುತ್ತದೆ. ಡಬ್ಬಿ ಬರುವ ಹೊತ್ತಿಗೆ ಅಪ್ಪ ಗಾಜಿನ ಮೇಲೆ ಮಾರ್ಕರ್‌ನಿಂದ ಗೆರೆ ಎಳೆದಿದ್ದರು. ಬೆಳಿಗ್ಗೆ ಆರೂವರೆಗೆ, ಸಂಜೆ ಆರೂವರೆಗೆ, ಅಳತೆಯ ಜಗ್‌ನಲ್ಲಿ ಆ ಗೆರೆಯವರೆಗೆ ನೀರು. ಹಳೆಯ ಶಾಲಾ ಹಾಜರಿ ಪುಸ್ತಕದಂತೆ ಒಂದು ನೋಟ್‌ಬುಕ್: ದಿನಾಂಕ, ಎಷ್ಟು ಮಿಲಿಲೀಟರ್, ಉಪ್ಪು, ಉಷ್ಣತೆ. ಯಂತ್ರದ ಡಬ್ಬಿಯನ್ನು ನಾನು ಒಡೆಯಲಿಲ್ಲ. ಭಾನುವಾರದ ಮಾತೂ ನಿಧಾನವಾಗಿ ವಾರ ಬಿಟ್ಟು ವಾರವಾಯಿತು.

ಏಪ್ರಿಲ್‌ನಲ್ಲಿ ಪುಣೆಯ ಬಿಸಿಲು ಏರಿತು. ಮಧ್ಯಾಹ್ನ ಹಾಲ್‌ನಲ್ಲಿ 33 ಡಿಗ್ರಿ. ಟ್ಯಾಂಕ್ 26ರ ಆಸುಪಾಸು ಇರಬೇಕು. ನೀರಿನ ಮೇಲೆ ಬೀಸುವಂತೆ ಎರಡು ಸಣ್ಣ ಫ್ಯಾನ್ ಕಟ್ಟಿದೆವು, ಮಧ್ಯಾಹ್ನ ಮೂರು ತಾಸು ಎಸಿ ಹಾಕಿದೆವು. ಫ್ಯಾನ್ ನೀರನ್ನು ಆವಿ ಮಾಡಿಯೇ ತಣಿಸುತ್ತದೆ, ಆದ್ದರಿಂದ ನೋಟ್‌ಬುಕ್‌ನಲ್ಲಿ ದಿನಕ್ಕೆ ಎರಡೂವರೆ ಲೀಟರ್ ಬರತೊಡಗಿತು. ಅದೇ 2024ರ ಏಪ್ರಿಲ್‌ನಲ್ಲಿ ಅಮೆರಿಕದ ಸಾಗರ ಸಂಸ್ಥೆ ನೋವಾ, ಜಗತ್ತಿನ ಹವಳಗಳು ನಾಲ್ಕನೇ ಬಾರಿಗೆ ಸಾಮೂಹಿಕವಾಗಿ ಬಿಳುಚುತ್ತಿವೆ ಎಂದು ಘೋಷಿಸಿತು. ಲಕ್ಷದ್ವೀಪದ ಹವಳವೂ ಆ ಬೇಸಿಗೆ ಬಿಳುಚಿತು. ಹವಳದ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ವಾಸಿಸುತ್ತದೆ. ಬೆಳಕಿನಲ್ಲಿ ಅದು ಅಡುಗೆ ಮಾಡಿ ಹವಳಕ್ಕೆ ಊಟ ಕೊಡುತ್ತದೆ, ಬಣ್ಣವೂ ಬಹುಪಾಲು ಅದರದೇ. ನೀರು ವಾಡಿಕೆಗಿಂತ ಒಂದೆರಡು ಡಿಗ್ರಿ ಬಿಸಿಯಾಗಿ ವಾರಗಟ್ಟಲೆ ಹಾಗೇ ಇದ್ದರೆ ಹವಳ ಆ ಪಾಚಿಯನ್ನು ಹೊರಹಾಕಿ ಬೆಳ್ಳಗಾಗುತ್ತದೆ, ಹಾಗೇ ಉಳಿದರೆ ಹಸಿವಿನಿಂದ ಸಾಯುತ್ತದೆ. ಸುದ್ದಿ ಓದಿ ಹೇಳಿದಾಗ ಅಪ್ಪ ನಮ್ಮ ಫ್ಯಾನ್ ಕಡೆ ನೋಡಿ, "ಅಲ್ಲಿ ಯಾರು ಗಾಳಿ ಹಾಕ್ತ್ರು?" ಎಂದರು. ನನ್ನ ಬಳಿ ಉತ್ತರವಿರಲಿಲ್ಲ.

ಮೇ ಕೊನೆಯಲ್ಲಿ ಒಂದು ರಾತ್ರಿ ಗಾಳಿಮಳೆಗೆ ಮರ ಬಿದ್ದು ಕರೆಂಟ್ ಹೋಯಿತು. ನಮ್ಮ ಕಟ್ಟಡದ ಜನರೇಟರ್ ಲಿಫ್ಟಿಗೆ, ಕಾರಿಡಾರಿಗೆ ಮಾತ್ರ. ಪಂಪ್ ನಿಂತರೆ ನೀರಿನಲ್ಲಿ ಆಮ್ಲಜನಕ ಇಳಿಯತೊಡಗುತ್ತದೆ. ಇದಕ್ಕೆಂದೇ ಇಟ್ಟಿದ್ದ ಬ್ಯಾಟರಿಯ ಏರ್ ಪಂಪ್ ಹಾಕಿ ಮಲಗಿದೆ. ಮೂರು ಗಂಟೆಗೆ ಎಚ್ಚರವಾಗಿ ಬಂದು ನೋಡಿದರೆ ಪಂಪಿನ ಸದ್ದು ಕ್ಷೀಣಿಸಿತ್ತು. ಮೊಬೈಲ್ ಟಾರ್ಚ್ ಗೋಡೆಗೆ ಒರಗಿಸಿಟ್ಟು, ಅಪ್ಪ ಸ್ಟೂಲಿನ ಮೇಲೆ ಕೂತು, ಸ್ಟೀಲ್ ಲೋಟದಲ್ಲಿ ಟ್ಯಾಂಕಿನ ನೀರೆತ್ತಿ ಎತ್ತರದಿಂದ ಹೊಯ್ಯುತ್ತಿದ್ದರು. ಎತ್ತುವುದು, ಹೊಯ್ಯುವುದು. ನಾನು ಹೊಸ ಬ್ಯಾಟರಿ ಹುಡುಕಿ ಹಾಕಿದೆ. ಆದರೂ ಏಳಲಿಲ್ಲ.

"ಆಸ್ಪತ್ರೇಲಿ ನಿನ್ನ ಅಮ್ಮನಿಗೆ ಆಕ್ಸಿಜನ್ ಹಾಕಿದ್ರಲ್ಲ," ಎಂದರು ಸ್ವಲ್ಪ ಹೊತ್ತಿನ ಮೇಲೆ. "ನಂಗೆ ಅಲ್ಲಿ ಮಾಡೂಕೆ ಎಂತದೂ ಇರಲಿಲ್ಲ. ಬರೀ ಕೂತ್ಕೊಂಡು ನೋಡೂದು."

ಒಂದು ವರ್ಷದಲ್ಲಿ ಅಪ್ಪ ಆ ಏಳು ದಿನಗಳ ಬಗ್ಗೆ ಬಾಯಿಬಿಟ್ಟದ್ದು ಅದೇ ಮೊದಲು. ನಾನು ಇನ್ನೊಂದು ಲೋಟ ತಂದು ಪಕ್ಕದಲ್ಲಿ ಕೂತೆ. ಕರೆಂಟ್ ಬಂದದ್ದು ಐದು ಗಂಟೆಗೆ. ಅಷ್ಟರವರೆಗೆ ಅಮ್ಮನ ಬಗ್ಗೆ, ಅಜ್ಜನ ಆಗರದ ಬಗ್ಗೆ, ಗಜನಿಯಲ್ಲಿ ಬಳಚು ಹೆಕ್ಕುತ್ತಿದ್ದ ದಿನಗಳ ಬಗ್ಗೆ ಅಪ್ಪ ಹೇಳುತ್ತಾ ಹೋದರು. ಬೆಳಿಗ್ಗೆ ಮೀನುಗಳೆರಡೂ ಎಂದಿನಂತೆ ಊಟಕ್ಕೆ ಮೇಲೆ ಬಂದವು.

ಜೂನ್‌ನಲ್ಲಿ ಮಳೆ ಹಿಡಿದು ಸೆಕೆ ಇಳಿದ ಮೇಲೆ ಹವಳ ಬಂದವು. ಚಿಂಚ್‌ವಡದ ಒಬ್ಬ ಮರಾಠಿ ಗೆಳೆಯ ತನ್ನ ಟ್ಯಾಂಕಿನಲ್ಲೇ ಬೆಳೆದ ಮೆದು ಹವಳಗಳ ತುಂಡು ಕೊಟ್ಟ. ದಾಸವಾಳದ ಗೆಲ್ಲು ಕೊಟ್ಟಂತೆ, ಹೀಗೆ ಕೊಟ್ಟು ತೆಗೆದುಕೊಂಡೇ ಈ ಹವ್ಯಾಸ ನಡೆಯುತ್ತದೆ. ಅಣಬೆ ಹವಳ ಮೂರು, ಹಸಿರು ಹುಲ್ಲಿನಂತೆ ಹರಡುವುದು ಒಂದು, ಛತ್ರಿಯಂತೆ ಅರಳುವ ತೊಗಲು ಹವಳ ಒಂದು. ಝೋಆಂತಿಡ್ ಎನ್ನುವ ಬಣ್ಣಬಣ್ಣದ ಜಾತಿಯನ್ನು ಮಾತ್ರ ಬೇಡವೆಂದೆ. ಅವುಗಳಲ್ಲಿ ಕೆಲವಕ್ಕೆ ಪಾಲಿಟಾಕ್ಸಿನ್ ಎಂಬ ತೀವ್ರ ವಿಷವಿದೆ. ಮಗುವಿರುವ ಮನೆ, ಅಪ್ಪನೋ ಬರಿಗೈ ಹಾಕುವವರು. ಬೆರಳು ಅದ್ದಿ ರುಚಿ ನೋಡುವುದನ್ನೂ ಅಂದಿಗೇ ನಿಲ್ಲಿಸಿದರು.

"ಪೋವಳೆ," ಎಂದ ಗೆಳೆಯ, ಅಪ್ಪನಿಗೆ ಪರಿಚಯಿಸುತ್ತಾ. ಅಪ್ಪ ಮೇಷ್ಟರಲ್ಲವೇ, ಕಿವಿ ನಿಮಿರಿತು. ಹಳಗನ್ನಡದಲ್ಲಿ ನಮ್ಮದೂ ಪವಳ ಎಂದು ಅವರು ಕನ್ನಡದಲ್ಲಿ ಹೇಳಿದ್ದನ್ನು ನಾನು ಹಿಂದಿಗೆ ದಾಟಿಸಿದೆ.

ಆ ಸಂಜೆ ಅಪ್ಪ ತಮ್ಮ ಟ್ರಂಕಿನಿಂದ ಅಮ್ಮನ ಕರಿಮಣಿ ತೆಗೆದು ತಂದರು. ನಡುವೆ ಎರಡು ಕೆಂಪು ಹವಳ. "ಇದು ಕಲ್ಲು ಅಂತಲೇ ತಿಳ್ಕೊಂಡಿದ್ದೆ," ಎಂದರು. ಆಭರಣದ ಕೆಂಪು ಹವಳ ಮುಖ್ಯವಾಗಿ ಮೆಡಿಟರೇನಿಯನ್ ಕಡಲಿನದು. ದಿಬ್ಬ ಕಟ್ಟುವ ಗಟ್ಟಿ ಹವಳಗಳಿಗಿಂತ, ಎಂಟೆಂಟು ತೋಳುಗಳ ಈ ಮೆದು ತೊಗಲು ಹವಳಕ್ಕೇ ಅದು ಹತ್ತಿರದ ಸಂಬಂಧಿ. ಹೇಳಿದೆ. ಅಪ್ಪ ಟಾರ್ಚ್ ಹಿಡಿದು ಛತ್ರಿಯ ಮೇಲೆ ಸಾವಿರಾರು ಸಣ್ಣ ಕೈಗಳು ಆಡುವುದನ್ನು ನೋಡುತ್ತಾ ನಿಂತರು. ಅಳಿವೆಯ ಬದಿಗೆ ಎಪ್ಪತ್ತು ವರ್ಷ ಬಾಳಿದವರು, ಆದರೆ ಸಮುದ್ರದ ಒಳಗನ್ನು ಎಂದೂ ನೋಡಿರಲಿಲ್ಲ. ನಮ್ಮದೇ ಜಿಲ್ಲೆಯಲ್ಲಿ, ಮುರುಡೇಶ್ವರದಾಚೆಯ ನೇತ್ರಾಣಿ ದ್ವೀಪದ ಸುತ್ತ ಹವಳವಿದೆ. ಈಗ ಅಲ್ಲಿ ಸ್ಕೂಬಾ ಮಾಡಿಸುತ್ತಾರೆ. ಅಪ್ಪನ ಕಾಲದಲ್ಲಿ ಅದು ದೂರದಲ್ಲಿ ಕಾಣುವ ಗುಡ್ಡ, ಅಷ್ಟೆ.

ಶುರು ಮಾಡಬೇಕೆಂದಿರುವವರಿಗೆ ಎರಡು ಮಾತು. ಚಿಕ್ಕ ಟ್ಯಾಂಕ್ ಸುಲಭ ಎಂದುಕೊಳ್ಳಬೇಡಿ. ನೀರು ಕಡಿಮೆ ಇದ್ದಷ್ಟೂ ಎಲ್ಲವೂ ಬೇಗ ಏರುಪೇರಾಗುತ್ತದೆ. ಮೊದಲ ತಿಂಗಳುಗಳಲ್ಲಿ ಮರಳಿನ ಮೇಲೆ ಕಂದು ಪೊರೆ, ಆಮೇಲೆ ಕೂದಲಿನಂಥ ಹಸಿರು ಪಾಚಿ ಬಂದೇ ಬರುತ್ತವೆ; ಬಸವನಹುಳು ಬಿಟ್ಟು, ವಾರಕ್ಕೊಮ್ಮೆ ಎಂಟು ಲೀಟರ್ ನೀರು ಬದಲಿಸಿ, ತಾಳ್ಮೆಯಿಂದಿರಿ. ತೊಗಲು ಹವಳ ಒಮ್ಮೊಮ್ಮೆ ಮುದುಡಿ ಮೇಣ ಬಳಿದಂತೆ ಐದಾರು ದಿನ ಬಿದ್ದುಕೊಳ್ಳುತ್ತದೆ. ಸತ್ತಿತೆಂದು ತೆಗೆಯಬೇಡಿ, ಪೊರೆ ಕಳಚಿ ಮತ್ತೆ ಅರಳುತ್ತದೆ. ಮತ್ತು ಮನೆಯಲ್ಲಿ ದಿನವಿಡೀ ಇರುವವರು ಯಾರಾದರೂ ಇದ್ದರೆ ಎಲ್ಲವನ್ನೂ ಯಂತ್ರಕ್ಕೆ ಒಪ್ಪಿಸಿಬಿಡಬೇಡಿ.

ಈ ಶಿವರಾತ್ರಿಗೆ ಅಪ್ಪ ಊರಿಗೆ ಹೊರಟಿದ್ದಾರೆ. ಗೋಕರ್ಣದ ತೇರು ನೋಡಿ, ಬೇಸಿಗೆ ಪೂರ್ತಿ ಅಲ್ಲೇ ಇರುತ್ತಾರಂತೆ. ಡಾಕ್ಟರ್ ಆಗಬಹುದು ಎಂದಿದ್ದಾರೆ, ಚಿಕ್ಕಪ್ಪನ ಮನೆ ಪಕ್ಕದಲ್ಲೇ ಇದೆ. ಬೇಡ ಎನ್ನಬೇಕೆಂದು ನನಗೂ ಹೆಂಡತಿಗೂ ಅನಿಸಿತು, ಅನ್ನಲಿಲ್ಲ. ಹೋಗುವ ಮಾತು ಈ ಸಲ ಮೊದಲಿನ ಭಾನುವಾರಗಳ ಹಾಗಿರಲಿಲ್ಲ. ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುವವರ ಮಾತಿನ ಹಾಗಿತ್ತು.

ನಿನ್ನೆ ಮೊಮ್ಮಗಳನ್ನು ಕೂರಿಸಿಕೊಂಡು ಗೆರೆ ತೋರಿಸಿದರು, ಜಗ್ ತೋರಿಸಿದರು, ಮೀಟರ್ ಒರೆಸಿ ಸೊನ್ನೆಗೆ ಹೊಂದಿಸುವುದನ್ನು ಎರಡು ಸಲ ಮಾಡಿಸಿದರು. ಆಮೇಲೆ ನನ್ನ ಕಡೆ ತಿರುಗಿ, "ತಂಗಿಗೆ ಪರೀಕ್ಷೆ ಇದ್ದಾಗ ಆ ನಿನ್ನ ಮಿಷಿನ್ ಹಾಕು," ಎಂದರು. "ಮಳೆ ಹಿಡಿದ ಮೇಲೆ ನಾ ಬತ್ತೆ. ಆಗ ತೆಗೆದ್ರಾಯ್ತು."